ಅತ್ತೆ ಒಳಗೆ ಕರೆದದ್ದು

೧೪-೯-೨೦೦೫, ಬುಧವಾರ

ಅತ್ತೆ “ಒಳಗೆ ಬನ್ನಿ” ಅಂದದ್ದನ್ನು ಒಪ್ಪಿಗೆ ಅನ್ನಬಹುದೇ? ಮಗು ಮಲಗಿದರೂ ನನಗೆ ಅದೇ ಯೋಚನೆ.

ಇವರು ಹೋದ ವಾರ ಜೀಪಿನಲ್ಲಿ ಇಬ್ಬರು ಅಪರಿಚಿತರನ್ನು ಕಳಸದವರೆಗೆ ಬಿಟ್ಟಿದ್ದರು. ಅವರು ನಕ್ಸಲರೆಂಬ ಅನುಮಾನವಂತೆ, ಅದಕ್ಕೇ ಮಧ್ಯಾಹ್ನ ಪೊಲೀಸರು ಮನೆ ಹುಡುಕಲು ಬಂದರು. ಇವರು ಬಾಡಿಗೆ ಮೇಲೆ ಹೊರನಾಡಿಗೆ ಹೋಗಿದ್ದರು. ಅತ್ತೆ ಯಾರು ಬಂದರೂ ಮಾಡುವಂತೆ ಬೆಲ್ಲ, ನೀರು ಕೊಟ್ಟು ನಡುಮನೆಗೇ ಕರೆದರು. ಬೀರು, ಅಟ್ಟ, ಕಡೆಗೆ ಮಗುವಿನ ಬಟ್ಟೆಯ ಟ್ರಂಕನ್ನೂ ಅವರು ಬಿಡಲಿಲ್ಲ.

“ಸರ್, ವಾರಂಟ್ ಉಂಟಾ?” ಎಂದೆ.

ಸಬ್ ಇನ್‌ಸ್ಪೆಕ್ಟರ್ ನಕ್ಕರು. “ನಿಮ್ಮತ್ತೇನೇ ಕರೆದ್ರಲ್ಲಮ್ಮ, ಇನ್ಯಾವ ವಾರಂಟು?”

ಏನೂ ಸಿಗಲಿಲ್ಲ. ನಾಳೆ ಮತ್ತೆ ಬರುತ್ತಾರಂತೆ. ಇವರನ್ನೇ ಕರೆದುಕೊಂಡು ಹೋದರೆ?

ಬಿ.ಎ.ಯಲ್ಲಿ ಕಾನೂನಿನ ಆಳ್ವಿಕೆ ಹತ್ತು ಅಂಕದ ಪ್ರಶ್ನೆ. ಸರ್ಕಾರವೂ ಕಾನೂನಿಗೆ ತಲೆಬಾಗಬೇಕು ಎಂದು ಎರಡು ಪುಟ ಬರೆದಿದ್ದೆ. ಅದೇ ಸರ್ಕಾರ ಬೂಟು ಬಿಚ್ಚದೆ ನಡುಮನೆಯಲ್ಲಿ ನಿಂತಾಗ ಒಂದು ಸಾಲೂ ನೆನಪಾಗಲಿಲ್ಲ. ಉಪಚಾರಕ್ಕೆ ಕರೆಯುವುದೂ ಹುಡುಕಲು ಬಿಡುವುದೂ ಒಂದೇ ಎಂದು ಎಲ್ಲಿ ಬರೆದಿದೆ? ಹಳೆಯ ನೋಟ್ಸ್ ತೆಗೆದು ನೋಡಿದೆ. ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿಯೇ ಇರಲಿಲ್ಲ.

ಅತ್ತೆಗೆ ಹೇಳಿದೆ, “ನಾಳೆ ಜಗುಲಿಯಲ್ಲೇ ಕೂರ್ಸಿ ಕಾಗದ ಕೇಳುವ.”

“ಬಂದೋರನ್ನ ಹೊರಗೆ ಕೂರ್ಸೋದಾ ಮಾರಾಯ್ತಿ! ಏನಂದ್ಕೊಂಡಾರು?”

ಆಮೇಲೆ ತಾವೇ ಮೂರು ಕುರ್ಚಿ ಎತ್ತಿ ಜಗುಲಿಗೆ ಹಾಕಿ ಬಂದರು. ಕಾಗದ ತೋರಿಸದೆ ಅವರು ಹೊಸಿಲು ದಾಟಿಯೇಬಿಟ್ಟರೆ ನಾನು ಅಡ್ಡ ನಿಲ್ಲಬಹುದೇ, ಅಥವಾ ಅದೂ ಒಂದು ಅಪರಾಧವೇ, ಅದು ಮಾತ್ರ ಇನ್ನೂ... ಮಗು ಎದ್ದಿತು.