ಬರಿಹೊಟ್ಟೆಯಲ್ಲಿ ಬಂದ ತಾಯಿ

ಅಕ್ಟೋಬರ್ ೧೪, ಮಂಗಳವಾರ. ಡಾಸನ್ ದ್ವೀಪ, ಕೇಪ್‌ಟೌನ್ ಬಳಿ.

ಮೀನಿಗೆಂದು ಶನಿವಾರ ಕಡಲಿಗಿಳಿದ ತಾಯಿ ಪೆಂಗ್ವಿನ್ ಇವತ್ತು ಸಂಜೆ ಬಂತು. ಮೊದಲೆಲ್ಲ ಹೋದ ದಿನವೇ ಮರಳುತ್ತಿತ್ತು. ಮುಳುಗಿದ್ದನ್ನು ದಾಖಲಿಸಲು ನಾನು ಅದರ ಬೆನ್ನಿಗೆ ಅಂಟಿಸಿದ್ದ ಪುಟ್ಟ ಯಂತ್ರ ಬಿಚ್ಚಿ ನೋಡಿದೆ. ಒಂಬೈನೂರು ಸಲ ಮುಳುಗಿದೆ, ಕೆಲವು ಸಲ ಅರವತ್ತು ಮೀಟರ್ ಆಳಕ್ಕೆ. ಮರಿ ಅದರ ಬಾಯೊಳಗೆ ಕೊಕ್ಕು ತೂರಿಸಿ ತಡಕಿತು. ಏನೂ ಬರಲಿಲ್ಲ. ತಂದೆ ಪೆಂಗ್ವಿನ್ ವಾರದಿಂದ ಪತ್ತೆಯಿಲ್ಲ.

"ಅಕ್ಕಾ, ನಮ್ ಡಬ್ಬಿ ಮೀನೇ ಕೊಟ್ರೆ?" ಅಂದ ಜೊತೆಯ ಕಾವಲುಗಾರ ಡೆನ್ಜಿಲ್.

"ಬರೀ ಉಪ್ಪು, ಟೊಮೆಟೊ ಹುಳಿ ಕಣೋ. ಸತ್ತೇ ಹೋಗತ್ತೆ."

"ಕೊಡದಿದ್ರೆ ಬದುಕತ್ತಾ?"

ಮರಿಯನ್ನು ಕೇಪ್‌ಟೌನಿನ ಹಕ್ಕಿ ಆರೈಕೆ ಕೇಂದ್ರಕ್ಕೆ ಒಯ್ಯಲು ರೇಡಿಯೋದಲ್ಲಿ ಅಲ್ಲಿಯವರನ್ನು ದೋಣಿ ಕೇಳಿದೆ. ಈ ಗಾಳಿಯಲ್ಲಿ ಶುಕ್ರವಾರದವರೆಗೆ ಆಗದು ಎಂದರು.

ಕತ್ತಲಾಗುವ ಮುನ್ನ ತಾಯಿ ಮತ್ತೆ ಅಲೆಗಿಳಿಯಿತು. ಹಿಂದೆ ಓಡಿದ ಮರಿ ನೀರಿನಂಚಿನಲ್ಲಿ ನಿಂತಿತು. ಆಮೇಲೆ ತಿರುಗಿ ನನ್ನ ಕಾಲ ಬಳಿ ಬಂದು ಬಾಯಿ ತೆರೆಯಿತು. ನಾನು ಖಾಲಿ ಕೈಯನ್ನು ಬಿಚ್ಚಿ ಅದಕ್ಕೆ ತೋರಿಸಿದೆ.