ಮೂರು ದಿನ ಅದೇ ಮೀನು

ಗುರುವಾರ, ಬೆಳಿಗ್ಗೆ ಏಳು ಗಂಟೆ
ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ

ನನ್ನ ಗುಂಡುಸೂಜಿಗೆ,

ಅಮ್ಮನ ಮುತ್ತುಗಳು, ಎರಡು ವರ್ಷದ್ದೂ ಒಟ್ಟಿಗೆ.

ನಿನ್ನೆ ಬೆಳಿಗ್ಗೆ ಫೋನಿನ ಧ್ವನಿಮುದ್ರಣ ಯಂತ್ರದಲ್ಲಿ ನಿನ್ನ ದನಿ ಕೇಳಿದಾಗ ನಾನು ಯಾರದೋ ಕೋಟಿನ ಅಸ್ತರು ನೋಡಲು ಅದರ ತೋಳಿನೊಳಗೆ ಕೈ ತೂರಿಸಿ ನಿಂತಿದ್ದೆ. ಅದನ್ನು ತೆಗೆಯುವುದೂ ಮರೆತು ಒಂಟಿ ತೋಳಿನಲ್ಲೇ ರಸ್ತೆ ದಾಟಿ ಅಪ್ಪನ ಗ್ಯಾರೇಜಿಗೆ ಓಡಿದೆ. ಅವರು ಬಸ್ಸಿನ ಕೆಳಗೆ ಮಲಗಿದ್ದರು, ಹೊರಗೆ ಬರೀ ಕಾಲು ಕಾಣುತ್ತಿತ್ತು. ಬೇರೆ ದಾರಿಯಿಲ್ಲದೆ ಕಾಲಿಗೇ ಸುದ್ದಿ ಹೇಳಿದೆ. ಆಮೇಲೆ ಒಳಗಿನಿಂದ, "ಇನ್ನೊಂದ್ಸಲ ಹೇಳು" ಅಂದರು.

ಅಂಗಡಿಗೆ ಬಂದು ಅವರೇ ಯಂತ್ರದ ಗುಂಡಿ ಒತ್ತಿ ನಿನ್ನ ದನಿ ಹಾಕಿದರು. "ಅಮ್ಮಾ, ಮೂರು ದಿನದಿಂದ ಅದೇ ಮೀನು ಸುಡ್ತಾ ಇದೀಯ. ಹುಷಾರಾಗಿದೀಯ ತಾನೇ? ಶನಿವಾರ ರಜ ಹಾಕಿದೀನಿ, ಬರ್ತೀನಿ." ಏಳು ಸಲ ಕೇಳಿದರು. ಯಂತ್ರ ಸರಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡ್ತಿದೀನಿ ಅಂದರು. ಪರೀಕ್ಷೆ ಮುಗಿಯುವಷ್ಟರಲ್ಲಿ ಕೈಯಲ್ಲಿದ್ದ ಗ್ರೀಸೆಲ್ಲ ಕೆನ್ನೆಗೆ ಹತ್ತಿತ್ತು.

ಮೀನಿನ ವಿಷಯಕ್ಕೆ ಬರುತ್ತೇನೆ. ಸೋಮವಾರದ ಬೈಬಲ್ ವಾಕ್ಯಭಾಗ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ, ಯೇಸು ದಡದಲ್ಲಿ ಮೀನು ಸುಡುವ ಕತೆ. ಎಂದಿನಂತೆ ಅಂಗಡಿಯ ಹಿಂಭಾಗದಲ್ಲಿ, ನೇತುಹಾಕಿದ ಕೋಟುಗಳ ನಡುವೆ ತಲೆ ಹುದುಗಿಸಿಕೊಂಡು ಆ ದಿನದ ಧ್ಯಾನ ಹೇಳಿ ಯಂತ್ರದಲ್ಲಿ ಧ್ವನಿಮುದ್ರಿಸಿದೆ. ನಿನಗೆ ಗೊತ್ತಲ್ಲ, ದಪ್ಪ ಬಟ್ಟೆಗಳ ನಡುವೆ ಬೀದಿಯ ಸದ್ದು ಬರುವುದಿಲ್ಲ. ಹನ್ನೊಂದು ವರ್ಷದಿಂದ ನನ್ನ ಪ್ರಾರ್ಥನಾ ಕೋಣೆ ಅದೇ. ಮೂರು ನಿಮಿಷ ಧ್ಯಾನ, ಒಂದು ಸಣ್ಣ ಪ್ರಾರ್ಥನೆ. ನಮ್ಮ ಚರ್ಚಿನ ಸಭೆಯವರು ಯಾರು ಅಂಗಡಿಯ ನಂಬರಿಗೆ ಫೋನ್ ಮಾಡಿದರೂ ಅದು ಕೇಳಿಸುತ್ತದೆ, ಆಮೇಲೆ ತಮ್ಮ ಪ್ರಾರ್ಥನೆಯ ಕೋರಿಕೆ ಹೇಳಿಡಬಹುದು. ಮಂಗಳವಾರ ಗಂಟಲು ಕಟ್ಟಿ ನನ್ನ ದನಿ ಎಣ್ಣೆ ಕಾಣದ ಬಾಗಿಲಿನಂತಾಯಿತು, ಹಳೆಯದನ್ನೇ ಉಳಿಸಿದೆ. ಬುಧವಾರವೂ ಅದೇ ಇತ್ತು, ಗಂಟಲಿನ ದೆಸೆಯಿಂದಲೇ ಅಂದುಕೋ.

ತಮಾಷೆ ಕೇಳು, ಬೇರೆ ಯಾರೂ ತಪ್ಪು ಹಿಡಿಯಲಿಲ್ಲ. ಗಡಿಯಾರ ರಿಪೇರಿಯವರು ಇದು ಬೇಕೆಂದೇ ಮಾಡಿದ್ದು ಅಂದುಕೊಂಡರಂತೆ. ಒಂದೇ ವಾಕ್ಯವನ್ನು ಮೂರು ದಿನ ಮೆಲುಕು ಹಾಕಿಸುವ ನಿಮ್ಮ ಕ್ರಮ ತುಂಬಾ ಆಳವಾದದ್ದು ಎಂದು ಪಾಸ್ಟರ್ ನನ್ನನ್ನು ಹೊಗಳಿದರು. ನಾನೂ ಗಂಭೀರವಾಗಿ ತಲೆದೂಗಿದೆ. ಅಮ್ಮನಿಗೇನೋ ಆಗಿರಬೇಕು ಎಂದು ಎದೆ ಹೊಡೆದುಕೊಂಡದ್ದು ನಿನಗೊಬ್ಬಳಿಗೇ.

ನೀನು ಹೊಸಲು ತುಳಿಯುವ ಮೊದಲೇ ಇದನ್ನು ಬರೆಯಬೇಕು ಎಂದು ಕೂತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ಅಭ್ಯಾಸಬಲದಿಂದ ಅದೂ ಒಂದು ಧ್ಯಾನವಾಗಿಬಿಡುತ್ತದೆ.

ಎರಡು ವರ್ಷದ ಹಿಂದೆ ಆ ದಿನ ಬೈಬಲಿನ ಲೇಯಳ ಭಾಗವಿತ್ತು, ಗಂಡನಿಗೆ ಬೇಡವಾದ ಹೆಂಡತಿಯದ್ದು. ಮಾತು ಜೀವಂತವಾಗಲಿ ಎಂಬ ಹುಚ್ಚಿನಲ್ಲಿ ನಿನ್ನನ್ನು ತಂದು ಅಲ್ಲಿ ನಿಲ್ಲಿಸಿದೆ. ಮದುವೆಗೆ ಮೂರು ವಾರವಿದ್ದಾಗ ಆ ಹುಡುಗ ಬೇಡವೆಂದದ್ದು, ನೀನು ಈ ಕೋಟುಗಳ ನಡುವೆ ಕೂತು ಅತ್ತದ್ದು, ಎಲ್ಲವನ್ನೂ ಊರಿಗೆಲ್ಲ ಕೇಳಿಸಿದೆ. ಮಾರನೆಯ ದಿನ ಅಂಚೆಯವರಿಂದ ಹಿಡಿದು ಪ್ಯಾಂಟಿನ ಅಳತೆ ಕೊಡಲು ಬಂದವರವರೆಗೆ ಎಲ್ಲರೂ ನಿನ್ನ ಕೈ ಹಿಡಿದು ಸಮಾಧಾನ ಹೇಳಿದರು. ನೀನು ಟೇಪು ಸುತ್ತಿಟ್ಟು, "ನನ್ನ ಕಣ್ಣೀರು ನಿಂಗೆ ಉದಾಹರಣೆನಾ ಅಮ್ಮಾ?" ಅಂದೆ. ನಾನು ದೇವರ ಕೆಲಸ, ಅದೂ ಇದೂ ಎಂದು ದೊಡ್ಡ ಮಾತಾಡಿದೆ. ನೀನು ಸಂಜೆಯ ಬಸ್ಸು ಹತ್ತಿದೆ.

ತಪ್ಪು ನನ್ನದು ಮಗಳೇ, ಪೂರ್ತಿ ನನ್ನದು. ಕ್ಷಮಿಸು.

ಆಮೇಲೆ ನನ್ನ ಧ್ಯಾನದಲ್ಲಿ ಮನುಷ್ಯರೇ ಬರಲಿಲ್ಲ. ಔಷಧದ ಸೀಸೆಯ ಮೇಲಿನ ಚೀಟಿ ಓದಿದ ಹಾಗಿರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಆದರೂ ಕಳೆದ ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಆರೂ ಹತ್ತಕ್ಕೆ ಒಂದು ಕರೆ ಬರುತ್ತಿತ್ತು. ಮಾತಿಲ್ಲ, ಕೋರಿಕೆಯಿಲ್ಲ. ಸ್ವಲ್ಪ ಉಸಿರು, ಹಿಂದೆಲ್ಲೋ ಟಿಣ್ ಎಂಬ ಸದ್ದು, ಆಮೇಲೆ ಫೋನ್ ಇಡುವುದು. ಯಂತ್ರ ಹಳೆಯದಾಯಿತು, ಅದರದ್ದೇ ಸದ್ದು ಎಂದು ಫೋನ್ ರಿಪೇರಿಯವರು ಹೇಳಿದರು. ನಾನು ಮಾತ್ರ ಅದು ಬ್ರೆಡ್ಡು ಬೆಂದಾಗ ನೀನು ಕೆಲಸ ಮಾಡುವ ಬೇಕರಿಯ ಒಲೆ ಹೊಡೆಯುವ ಗಂಟೆಯೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಊರಿನವರ ಕೋರಿಕೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಪ್ರಾರ್ಥಿಸುವ ನಾನು ಆ ಟಿಣ್‌ಗೂ ಒಂದು ಚೀಟಿ ಇಟ್ಟಿದ್ದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಈಗ ಪೇತ್ರನ ಮಾತು. ತನ್ನನ್ನು ಗೊತ್ತೇ ಇಲ್ಲ ಎಂದು ಮೂರು ಸಲ ಅಂದ ಆ ಶಿಷ್ಯನಿಗೆ ಯೇಸು ಬೈಯಲಿಲ್ಲ. ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು, ಮೊದಲು ತಿನ್ನಿ ಬನ್ನಿ ಅಂದ. ಹೊಟ್ಟೆ ತುಂಬಿದ ಮೇಲೆ, ನನ್ನ ಮೇಲೆ ಪ್ರೀತಿ ಇದೆಯಾ ಎಂದು ಮೂರು ಸಲ ಕೇಳಿದ. ಸೋಮವಾರ ಇಷ್ಟು ಹೇಳಿದ್ದೆ. ನಿನ್ನೆ ನಿನ್ನ ದನಿ ಕೇಳಿದ ಮೇಲೆ ಇನ್ನೊಂದು ಹೊಳೆಯಿತು. ಗೊತ್ತಿಲ್ಲ ಅಂದ ಆ ರಾತ್ರಿ ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಕಂಡವರು ಯಾರು? ಅವನೇ ಬಾಯಿಬಿಟ್ಟು ಹೇಳಿಕೊಂಡಿರಬೇಕು. ತನ್ನ ಕಣ್ಣೀರಿನ ಕತೆ ತಾನೇ ಹೇಳಿದ್ದರಿಂದ ಅದು ಇವತ್ತಿಗೂ ಜನರಿಗೆ ಧೈರ್ಯ ಕೊಡುತ್ತದೆ. ನಿನ್ನದನ್ನು ನಾನು ಕಿತ್ತುಕೊಂಡು ಹೇಳಿದೆ. ಹನ್ನೊಂದು ವರ್ಷ ಊರಿಗೆ ಬೋಧಿಸಿದವಳಿಗೆ ಇಷ್ಟು ತಿಳಿಯಲು ಇಷ್ಟು ದಿನ ಬೇಕಾಯಿತು ನೋಡು, ನನ್ನ ತಲೆ!

ಇವತ್ತಿನ ಪ್ರಾರ್ಥನೆ ಯಂತ್ರಕ್ಕಲ್ಲ, ನಿನಗೇ: ಕರ್ತನೇ, ನನ್ನ ಮಗಳ ಬಸ್ಸಿನ ಚಕ್ರಗಳನ್ನು ಕಾಪಾಡು, ನನ್ನ ನಾಲಿಗೆಯನ್ನು ಅದಕ್ಕಿಂತ ಹೆಚ್ಚು ಕಾಪಾಡು. ಆಮೆನ್.

ಅಪ್ಪ ನಿನ್ನ ಕೋಣೆಯ ಕಿಟಕಿಗೆ ಬಣ್ಣ ಹೊಡೆಯುತ್ತಿದ್ದಾರೆ. ಗ್ಯಾರೇಜಿನಲ್ಲಿ ಉಳಿದ ಬಣ್ಣವಂತೆ, ಬಸ್ಸಿನ ಹಳದಿ. ನೋಡಿ ನಗಬೇಡ, ನಕ್ಕರೂ ಅವರ ಬೆನ್ನ ಹಿಂದೆ ನಗು. ಊಟಕ್ಕೆ ಏನು ಎಂದು ಕೇಳಬೇಡ. ಮೀನೇ.

ಸಂತೋಷದಿಂದ ಕತ್ತರಿ ಹಿಡಿಯಲಾರದೆ ಬರೀ ಗುಂಡಿ ಹೊಲಿಯುತ್ತಾ ಕೂತಿರುವ,
ನಿನ್ನ ಅಮ್ಮ

ಮರೆತಿದ್ದೆ: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಂಗಳವಾರ ಸಂಜೆಗೇ ನನ್ನ ಗಂಟಲು ಚೆನ್ನಾಗಿತ್ತು. ಇಸ್ತ್ರಿ ಹಾಕುತ್ತಾ ಹಾಡಿಕೊಂಡೆ ಕೂಡ. ಬುಧವಾರ ಹಳೆಯದನ್ನು ಬೇಕೆಂದೇ ಉಳಿಸಿದೆ. ಆ ಟಿಣ್ ನೀನೇ ಆಗಿದ್ದರೆ ಬೈಯಲಿಕ್ಕಾದರೂ ಬಾಯಿ ತೆರೆಯುತ್ತೀಯ ಎಂಬ ಆಸೆ. ನಿನ್ನನ್ನು ಹೆದರಿಸಿದ್ದಕ್ಕೆ ಇನ್ನೊಮ್ಮೆ ಕ್ಷಮಿಸು. ಈ ಕಳ್ಳಾಟ ನನ್ನ ಸ್ವಂತದ್ದು, ಹಾಗಾಗಿ ಭಾನುವಾರ ಸಭೆಯ ಮುಂದೆ, ನನ್ನ ಆಳವನ್ನು ಹೊಗಳಿದ ಪಾಸ್ಟರ್ ಎದುರಿಗೇ, ನಾನೇ ಒಪ್ಪಿಕೊಳ್ಳುತ್ತೇನೆ. ನಿನ್ನ ಭಾಗ ಬರುವಾಗ ನಿಲ್ಲಿಸಿ ನಿನ್ನ ಮುಖ ನೋಡುತ್ತೇನೆ. ನೀನು ಹೂಂ ಅಂದರೆ ಮುಂದೆ ಹೇಳುತ್ತೇನೆ. ಇಲ್ಲವಾದರೆ ಅಲ್ಲಿಗೇ ಬಿಟ್ಟು ಹಾಡು ಶುರುಮಾಡುತ್ತೇನೆ, ಗಂಟಲಂತೂ ಸರಿಯಾಗಿದೆ.