ತಲೆ ಎತ್ತಿ ನಿಂತ ಕಂದು

ಬೀದರ
೨೬ ಫೆಬ್ರುವರಿ ೨೦೧೬

ಕೌಸಲ್ಯಕ್ಕನಿಗೆ ನಿನ್ನ ಶಾಲುವಿನ ಜೈಭೀಮ.

ಕಳೆದ ವಾರ ಫೋನಿನಲ್ಲಿ, ಬಾಳೆಯ ರೋಗ ನಮ್ಮ ತವರಿನಿಂದಲೇ ಬಂದದ್ದು ಎಂದು ನಾನು ಬಾಯಿ ಬಿಟ್ಟ ಕೂಡಲೇ ನೀನು ಅಳತೊಡಗಿದೆ. "ಯಾರ ಮುಂದೂ ಹೇಳಬ್ಯಾಡ ಶಾಲೂ, ನಾ ಇದೇ ಮನ್ಯಾಗ ಬಾಳ್ವಿ ಮಾಡ್ಬೇಕು" ಎಂದೆ. ನಾನು ಹೂಂ ಅಂದೆ. ಆ ಹೂಂ ಸುಳ್ಳು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಈ ಪತ್ರ.

ಸಾಲಿ ಬಿಟ್ಟ ಮೇಲೆ ನಾನು ಹಿಡಿದ ನಾಲ್ಕನೆಯ ಕೆಲಸ ಇದು. ಬಿಡದೆ ಉಳಿದದ್ದು ಇದೊಂದೇ. ಬಾಳೆಯ ರೋಗದ ಸಂಶೋಧನೆ ಮಾಡುವ ನರಸಿಂಗ ಸರ್‌ಗೆ ಎಲೆಯ ತುಂಡು ಕತ್ತರಿಸಿ ತಂದುಕೊಡುತ್ತೇನೆ. ಅದರೊಳಗಿನ ವೈರಸ್ಸು ಯಾವ ವಂಶದ್ದು, ಎಲ್ಲಿಂದ ಬಂದದ್ದು ಎಂದು ಅವರು ಪ್ರಯೋಗಾಲಯದಲ್ಲಿ ಓದಿಸುತ್ತಾರೆ. ದೀಪಾವಳಿಗೆ ಭಾಲ್ಕಿಗೆ ಬಂದಾಗ ನಿಮ್ಮ ಬಚ್ಚಲ ಹಿಂದಿನ ಬಾಳೆಯಿಂದ, ಪಕ್ಕದ ಹೊಲದಲ್ಲಿ ಗಫೂರ ಕಾಕಾ ಬೆಳೆಸಿದ ತೋಟದಲ್ಲಿ ಊರವರು ಸುಡದೆ ಉಳಿದ ಒಂದು ಬುಡದಿಂದ, ಆಮೇಲೆ ಔರಾದಿನಲ್ಲಿ ಅವ್ವನ ಹಿತ್ತಿಲಿನಿಂದ ಎಲೆ ತಂದಿದ್ದೆ.

ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಪಕ್ಕ ಕೂತ ಪಂಢರಿಯ ಉತ್ತರ ನೋಡಿ ಬರೆದು ಸಿಕ್ಕಿಬಿದ್ದೆನಲ್ಲ, ನೆನಪಿದೆಯೇ? ಅವನ ತಪ್ಪುಗಳನ್ನೂ ಹಾಗೇ ಇಳಿಸಿ, ನನ್ನವೆರಡು ಸೇರಿಸಿದ್ದೆ. ಯಾರು ಯಾರದನ್ನು ನೋಡಿ ಬರೆದರೆಂದು ಗುರುಗಳು ಕೇಳಬೇಕಾಗಲೇ ಇಲ್ಲ. ವೈರಸ್ಸೂ ಹಾಗೆಯೇ. ತನ್ನನ್ನು ತಾನು ನಕಲು ಮಾಡುವಾಗ ಅಲ್ಲಲ್ಲಿ ತಪ್ಪುತ್ತದೆ, ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತದೆ. ಅವ್ವನ ಬಾಳೆಯಲ್ಲಿದ್ದ ತಪ್ಪುಗಳು ನಿಮ್ಮದರಲ್ಲಿವೆ, ಜೊತೆಗೆ ಹೊಸದೊಂದು. ಗಫೂರ ಕಾಕಾನ ಗಿಡದಲ್ಲಿ ಅವೆಲ್ಲವೂ ಇವೆ, ಮೇಲೆ ಇನ್ನೆರಡು. ಕಾಕಾ ನೆಡಲು ಬಾಳೆಯ ಕಂದು ತಂದಿದ್ದ ಲಾತೂರಿನ ತೋಟಕ್ಕೂ ಹೋಗಿ ನೋಡಿದೆವು. ಅಲ್ಲಿ ರೋಗವೇ ಇಲ್ಲ. ನಿಮ್ಮ ಬಚ್ಚಲ ಹಿಂದಿನಿಂದ ಅವರ ತೋಟಕ್ಕೆ ಅದನ್ನು ಹೊತ್ತದ್ದು ಗಿಡದಿಂದ ಗಿಡಕ್ಕೆ ಹಾರಿ ರಸ ಹೀರುವ ಬಾಳೆಯ ಹೇನು.

ನಿನ್ನನ್ನು ಗಂಡನ ಮನೆಗೆ ಕಳಿಸಿದ ದಿನ, ಜೊತೆಗೆ ಕೊಡಲು ಅವ್ವ ತಾನೇ ಬಾಳೆಕಂದು ಆರಿಸಿದಳು. ಉಳಿದವುಗಳ ಎಲೆ ಜೋತುಬಿದ್ದಿದ್ದವು. ಒಂದರ ಎಲೆಗಳು ಮಾತ್ರ ಒತ್ತೊತ್ತಾಗಿ ನೆಟ್ಟಗೆ ನಿಂತಿದ್ದವು. "ಇದು ನೋಡ, ಹ್ಯಾಂಗ ತಲಿ ಎತ್ತಿ ನಿಂತದ. ನನ್ನ ಮಗಳೂ ಹಾಂಗೇ ನಿಂದರ್ಲಿ" ಎಂದಳು. ಹಾಗೆ ನಿಲ್ಲುವುದೇ ರೋಗದ ಗುರುತೆಂದು ನಮಗ್ಯಾರಿಗೆ ಗೊತ್ತಿತ್ತು? ಹಾರೆ ಹಾಕಿ ಕಿತ್ತವಳು ನಾನು.

ಕಾಕಾನ ಆರುನೂರು ಗಿಡಗಳನ್ನು ಊರವರು ಕಿತ್ತು ಸುಟ್ಟಾಗಲೂ ನಾನು ಅಲ್ಲಿದ್ದೆ. "ಲಾತೂರಲಿಂದ ಪೀಡಾ ತಂದಿ ಮುದುಕಾ" ಎಂದು ನಿನ್ನ ಅತ್ತೆ ಬೈದರು. "ಹೌದ್ರಿ ಬಾಯಿ, ಅದಕ್ಕ ಬಸ್ ಟಿಕೇಟ್ ಭೀ ನಾನೇ ತೆಗಸೀನಿ" ಎಂದರು ಕಾಕಾ. ಯಾರೂ ನಗಲಿಲ್ಲ. ಹೊಲ ಕಳೆದುಕೊಂಡು ಕಾಕಾ ಈಗ ಅರವತ್ತರ ವಯಸ್ಸಿನಲ್ಲಿ ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ.

ಆ ಹೊಲವನ್ನು ಪಾಲಿಗೆ ಯಾರಿಗೆ ಕೊಡುವುದೆಂದು ಅದರ ಒಡೆಯ ಮಡೆಪ್ಪ ಸಾವಕಾರರು ಯುಗಾದಿಗೆ ಹೇಳುತ್ತಾರಂತೆ. ಅಷ್ಟರೊಳಗೆ ಅಪವಾದ ಹೋದರೆ ಕಾಕಾ ಮರಳಿ ಬರಬಹುದು. ಇವತ್ತು ಮಧ್ಯಾಹ್ನ ಗಾಂಧಿ ಗಂಜಿನ ಪೇಟೆಯಲ್ಲಿರುವ ಸಾವಕಾರರ ಅಂಗಡಿಗೆ ಹೋಗಿ, ರೋಗ ಎಲ್ಲಿಂದ ಬಂತೆಂದು ಸರ್ ಬರೆದುಕೊಟ್ಟ ಕಾಗದ ಕೊಡುತ್ತೇನೆ. ನಿನ್ನ ಅತ್ತೆ ಏನಾದರೂ ಅಂದರೆ, ಕಿತ್ತುಕೊಟ್ಟವಳು ಶಾಲು ಎಂದುಬಿಡು. ಬೈಸಿಕೊಳ್ಳಲು ನಾನೇ ಬಂದು ನಿಲ್ಲುತ್ತೇನೆ.

ನಿಮ್ಮ ಬಾಳೆಯನ್ನು ಬುಡಸಮೇತ ತೆಗೆಸು. ಅವ್ವನದನ್ನು ನಾನು ಅಗೆದು ತೆಗೆದೆ. ಅವಳು ನೋಡಲು ಹೊರಗೆ ಬರಲಿಲ್ಲ.

ನಿನ್ನ ತಂಗಿ,
ಶಾಲುಬಾಯಿ

ತಾ.ಕ.: ಗಂಜಿನಿಂದ ಬಂದು ಇದನ್ನು ಬರೆಯುತ್ತಿದ್ದೇನೆ. ಸಾವಕಾರರು ಕಾಗದ ಪೂರ್ತಿ ಓದಿದರು. "ಖರೇನೇ ಇರ್ಬೇಕವ್ವ. ಆದ್ರ ಹೊಲ ಸಂಕ್ರಾಂತಿಗೇ ನಿನ್ನ ಭಾವಗ ಕೊಟ್ಟೇನಿ. ಮಾತಾಡ್ಲಿಕ್ಕ ನಿನ್ನ ಅಕ್ಕನೂ ಬಂದಿದ್ಳು, ಹೇಳಿಲ್ಲೇನು?" ಎಂದರು. ನೀನು ಫೋನಿನಲ್ಲಿ ಅತ್ತದ್ದು ಅದಾಗಿ ತಿಂಗಳ ಮೇಲೆ. ಗಫೂರ ಕಾಕಾನ ನಂಬರ್ ನನ್ನ ಹತ್ತಿರ ಇದೆ. ಅವರಿಗೆ ಏನು ಹೇಳಲಿ ಎಂದು ನಿನ್ನನ್ನು ಕೇಳುವುದಿಲ್ಲ.